ಕಾಡು ಕಡಿದವರು, ಕಥೆಯಾದವರು

ಘಟ್ಟದ ತಪ್ಪಲಿನಲ್ಲಿ ಕತ್ತಲೆ ಬೇಗ ಇಳಿಯುತ್ತದೆ. ಬಯಲಿನಲ್ಲಿ ಇನ್ನೂ ಹೊತ್ತು ಇರುವಾಗಲೇ ಸುಬ್ರಹ್ಮಣ್ಯದ ಸುತ್ತಿನ ಕಾಡುದಾರಿಗಳಲ್ಲಿ ಹಕ್ಕಿಗಳು ಗೂಡು ಸೇರಿ, ಜೀರುಂಡೆಗಳ ಸದ್ದು ಶುರುವಾಗಿರುತ್ತದೆ. ಅಂಥದೊಂದು ಹೊತ್ತಿನಲ್ಲಿ ದಾರಿ ತಪ್ಪಿದ ಪಯಣಿಗನೊಬ್ಬನಿಗೆ ದೇರಣ್ಣ, ಬಟ್ಯ ಎಂಬ ಇಬ್ಬರು ಸಿಗುತ್ತಾರೆ. ರಾತ್ರಿಯ ತಂಗುವಿಕೆಗೆ ಅವನನ್ನು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ಕರೆತಂದು ಬಿಡುತ್ತಾರೆ. ಬೆಲ್ಲ, ನೀರು, ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ, ಊಟ, ಊಟದ ಮೇಲೆ ಮುಗಿಯದ ಮಾತು. ಮರುದಿನ ಹೊರಡಬೇಕಾದ ಅತಿಥಿ ಹೊರಡುವುದೇ ಇಲ್ಲ. ಮುದುಕರು ಅವನನ್ನು ಬಿಡುವುದೂ ಇಲ್ಲ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ ಹೀಗೆ ತೊಡಗುತ್ತದೆ. 1943ರಲ್ಲಿ ಬಂದ ಈ ಕಾದಂಬರಿಯನ್ನು ಓದಿದವರಿಗೆ ಕುಮಾರಪರ್ವತ ಬರಿಯ ಒಂದು ಬೆಟ್ಟವಾಗಿ ಕಾಣುವುದಿಲ್ಲ. ಸುಬ್ರಹ್ಮಣ್ಯಕ್ಕೆ ಹರಕೆ ಒಪ್ಪಿಸಲು ಬಂದವರು ಸಹ, ಬಸ್ಸಿನ ಕಿಟಕಿಯಿಂದ ಅಡಿಕೆ ತೋಟದ ನಡುವಿನ ಒಂದು ಹಂಚಿನ ಮನೆಯನ್ನು ಕಂಡು, ಇದೇ ಕೆಳಬೈಲು ಇರಬಹುದೇ ಎಂದು ಒಂದು ಗಳಿಗೆ ಯೋಚಿಸುವುದುಂಟು.

ಗೋಪಾಲಯ್ಯ ಹುಟ್ಟಾ ತೋಟದವರಲ್ಲ, ತೋಟವನ್ನು ಹುಟ್ಟಿಸಿದವರು. ಕಾಡು ಕಡಿದು, ಇಳಿಜಾರನ್ನು ಮಟ್ಟ ಮಾಡಿ, ಹೊಳೆಯ ನೀರನ್ನು ತಿರುಗಿಸಿ ಅಡಿಕೆ ಎಬ್ಬಿಸಿದವರು. ಒಂದು ತೋಟ ಫಲಕ್ಕೆ ಬಂತೆನ್ನುವಾಗ ಅವರ ಕಣ್ಣು ಅದರಾಚೆಯ ಕಾಡಿನ ಮೇಲೆ. ಆನೆ ಬಂದು ತುಳಿದರೆ ಮತ್ತೆ ನೆಡುವುದು, ಹುಲಿ ಕೊಟ್ಟಿಗೆಗೆ ನುಗ್ಗಿದರೆ ಅದಕ್ಕೊಂದು ಉಪಾಯ ಹೂಡುವುದು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಹೆಂಡತಿ ಶಂಕರಮ್ಮ ಬಾಗಿಲ ಕಡೆ ನೋಡುತ್ತಲೇ ಮುದುಕಿಯಾಗಿದ್ದಾಳೆ. ಕಾಟುಮೂಲೆಯಲ್ಲಿ ನೆಲೆಯೂರಿಸಿದ ನಾರಾಯಣ, ಲಕ್ಷ್ಮಿಯರ ಸಂಸಾರವೇ ಅವರಿಗೆ ಮಕ್ಕಳು ಮೊಮ್ಮಕ್ಕಳ ಬದಲಿಗೆ ದೊರೆತ ಸುಖ.

ಹೊಸ ನೆಲದಲ್ಲಿ ನೆಲೆ ನಿಲ್ಲುವವನ ಕಥೆ ಇದು. ಜಗತ್ತಿನ ಅನೇಕ ಭಾಷೆಗಳಲ್ಲಿ ಇಂಥ ಕಥೆಗಳ ದೊಡ್ಡ ರಾಶಿಯೇ ಇದೆ. ಪುತ್ತೂರು, ಸುಳ್ಯ, ಕಡಬದ ಈ ಪುಟ್ಟ ಪ್ರದೇಶವನ್ನು ಆ ರಾಶಿಯ ಪಕ್ಕದಲ್ಲಿಟ್ಟು ನೋಡಿದರೆ ಕೆಲವು ಸಂಗತಿಗಳು ಹೊಸದಾಗಿ ಕಾಣುತ್ತವೆ.

ಹುಲ್ಲುಗಾವಲಿನ ಮನೆ ಯಾರ ಜಾಗದಲ್ಲಿತ್ತು?

ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್ ತನ್ನ ಬಾಲ್ಯದ ಕಥೆಗಳನ್ನು ಪುಸ್ತಕವಾಗಿಸಿದ್ದು 1930ರ ದಶಕದಲ್ಲಿ, ಅಂದರೆ ಕಾರಂತರು ಪುತ್ತೂರಿನಲ್ಲಿ ಕುಳಿತು ತಮ್ಮ ಮೊದಮೊದಲ ಕಾದಂಬರಿಗಳನ್ನು ಬರೆಯುತ್ತಿದ್ದ ಕಾಲದಲ್ಲೇ. ಎಸ್. ಅನಂತನಾರಾಯಣ ಅವರ ಅನುವಾದದ ಮೂಲಕ ಆ ಪುಸ್ತಕಗಳು ಕನ್ನಡದ ಮಕ್ಕಳ ಕೈಗೂ ಬಂದಿದ್ದವು. ಅಪ್ಪ ಮರ ಕಡಿದು ಮನೆ ಕಟ್ಟುವುದು, ಅಮ್ಮ ಬೆಣ್ಣೆ ಕಡೆಯುವುದು, ರಾತ್ರಿ ತೋಳಗಳು ಊಳಿಡುವುದು. ಓದಲು ಬಲು ಸೊಗಸು. ಆದರೆ ಆ ಹುಲ್ಲುಗಾವಲಿನ ಮನೆ ಎದ್ದದ್ದು ಓಸೇಜ್ ಎಂಬ ಮೂಲನಿವಾಸಿಗಳಿಗೆ ಸೇರಿದ ಜಾಗದಲ್ಲಿ. ಮೂಲನಿವಾಸಿಗಳನ್ನು ಅವರು ಚಿತ್ರಿಸಿದ ರೀತಿಯ ಬಗ್ಗೆ ಬಹಳ ಚರ್ಚೆಯಾಗಿ, 2018ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತಾನು ಕೊಡುತ್ತಿದ್ದ ಒಂದು ಪ್ರಶಸ್ತಿಯಿಂದ ಲೇಖಕಿಯ ಹೆಸರನ್ನೇ ತೆಗೆದುಹಾಕಿತು.

ಆಸ್ಟ್ರೇಲಿಯದ ಹೆನ್ರಿ ಲಾಸನ್ 1892ರಲ್ಲಿ ಬರೆದ ‘ದಿ ಡ್ರೋವರ್ಸ್ ವೈಫ್’ ಆ ದೇಶದ ಸಾಹಿತ್ಯಕ್ಕೇ ಒಂದು ಅಸ್ತಿಭಾರ ಎನ್ನಿಸಿಕೊಂಡ ಸಣ್ಣಕತೆ. ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದಾನೆ. ಕಾಡಿನ ನಡುವಣ ಗುಡಿಸಲಿನಲ್ಲಿ ಮಕ್ಕಳೊಂದಿಗೆ ಒಂಟಿಯಾಗಿರುವ ಹೆಂಗಸು, ನೆಲಹಲಗೆಯಡಿ ನುಸುಳಿದ ಹಾವಿಗಾಗಿ ರಾತ್ರಿಯಿಡೀ ಕಾಯುತ್ತಾಳೆ. ಕತೆಯಲ್ಲಿ ಒಬ್ಬ ಮೂಲನಿವಾಸಿಯೂ ಬರುತ್ತಾನೆ. ಬಂದು, ಒಳಗೆ ಟೊಳ್ಳು ಬಿಟ್ಟು ಸೌದೆ ಒಟ್ಟಿ, ಆಕೆಗೆ ಮೋಸ ಮಾಡಿ ಹೋಗುತ್ತಾನೆ. ಆ ಕಾಡು ಮೊದಲು ಯಾರದಾಗಿತ್ತೆಂಬುದು ಕತೆಗೆ ಬೇಕಾಗಿಲ್ಲ. ಅವರ ಕಡೆಯ ಕವಿತೆ ಪುಸ್ತಕವಾಗಿ ಬರಲು ಎಪ್ಪತ್ತೆರಡು ವರ್ಷ ಕಾಯಬೇಕಾಯಿತು. 1964ರಲ್ಲಿ ಕ್ಯಾಥ್ ವಾಕರ್ ಎಂಬ ಮೂಲನಿವಾಸಿ ಹೆಂಗಸಿನ ಕವನ ಸಂಕಲನ ಪ್ರಕಟವಾಯಿತು. ಅವರ ಸಮುದಾಯದಿಂದ ಬಂದ ಮೊದಲ ಕವನ ಪುಸ್ತಕ ಅದು. ಊಡ್ಜರೂ ನೂನುಕ್ಕಲ್ ಎಂಬ ತನ್ನ ಜನರ ಹೆಸರನ್ನು ಆಕೆ ಧರಿಸಿದ್ದು ಆಮೇಲೆ.

ಅದೇ 1964ರಲ್ಲಿ ಕೀನ್ಯದ ಗೂಗಿ ವಾ ಥಿಯೊಂಗೊ ಅವರ ಮೊದಲ ಕಾದಂಬರಿ ‘ವೀಪ್ ನಾಟ್, ಚೈಲ್ಡ್’ ಹೊರಬಂತು. ಅದರಲ್ಲಿ ತಂದೆ ಗೊಥೊ ತನ್ನ ಪೂರ್ವಿಕರ ನೆಲದಲ್ಲೇ ಬಿಳಿಯ ದೊರೆಯ ಕೂಲಿ. ಇಬ್ಬರೂ ಒಂದೇ ಮಣ್ಣನ್ನು ಪ್ರೀತಿಸುತ್ತಾರೆ. ಒಬ್ಬನಿಗೆ ಅದು ತಾನು ಹಸನು ಮಾಡಿದ ಆಸ್ತಿ, ಇನ್ನೊಬ್ಬನಿಗೆ ಕಳೆದುಕೊಂಡ ಮನೆ.

ಒಬ್ಬನೇ ಲೇಖಕ, ಮೂರು ಅಂಗಳ

ಇವುಗಳ ಸಾಲಿಗೆ ‘ಬೆಟ್ಟದ ಜೀವ’ವನ್ನು ನೇರವಾಗಿ ಸೇರಿಸಿಬಿಟ್ಟರೆ ಅನ್ಯಾಯವಾದೀತು. ಗೋಪಾಲಯ್ಯ ಸಮುದ್ರ ದಾಟಿ, ಕೋವಿ ಹಿಡಿದ ಸರ್ಕಾರವನ್ನು ಬೆನ್ನಿಗಿಟ್ಟುಕೊಂಡು ಬಂದ ದೊರೆಯಲ್ಲ. ಅದೇ ಸೀಮೆಯ, ಅದೇ ಭಾಷೆಗಳ ಮನುಷ್ಯ. ಅವರ ಮನೆಯ ಬಾಗಿಲಿಗೆ ಓದುಗನನ್ನು ಕರೆತರುವವರು ದೇರಣ್ಣ, ಬಟ್ಯ. ಅವರಿಗೆ ಕಾಡಿನ ಎಲ್ಲ ದಾರಿಗಳೂ ಗೊತ್ತು, ಕತ್ತಲೆಯಲ್ಲೂ ಗೊತ್ತು. ಆ ದಾರಿಗಳು ತೋಟಕ್ಕಿಂತ ಹಳೆಯವು ಎಂಬುದನ್ನು ಕಾರಂತರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಅಷ್ಟಲ್ಲದೆ, ಕಾರಂತರು ಒಂದೇ ಅಂಗಳದಲ್ಲಿ ಕುಳಿತು ಬರೆದವರಲ್ಲ. ‘ಬೆಟ್ಟದ ಜೀವ’ಕ್ಕಿಂತ ಹತ್ತು ವರ್ಷ ಮೊದಲು, 1933ರಲ್ಲಿ, ‘ಚೋಮನ ದುಡಿ’ ಬಂದಿತ್ತು. ಗೋಪಾಲಯ್ಯನವರಿಗೆ ಕಾಡನ್ನೇ ತೋಟ ಮಾಡುವ ಹುಚ್ಚು. ಚೋಮನಿಗೆ ಒಂದು ತುಂಡು ಗದ್ದೆಯನ್ನು ಉಳುವ ಆಸೆ. ಹೊಲೆಯನಾಗಿ ಹುಟ್ಟಿದ್ದಕ್ಕೆ ಆ ಆಸೆಯೇ ಅಪರಾಧ. ಎತ್ತು ಸಾಕಿಕೊಂಡೂ ಉಳಲಾಗದೆ ಅವನು ದುಡಿ ಬಾರಿಸುತ್ತಾನೆ. ಆ ಕಾದಂಬರಿಯಲ್ಲೂ ಒಂದು ತೋಟವಿದೆ. ಘಟ್ಟದ ಮೇಲಿನ ಕಾಫಿ ತೋಟ. ಸಾಲ ತೀರಿಸಲು ಚೋಮನ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಚನಿಯ ಜ್ವರ ತಂದುಕೊಂಡು ಸಾಯುತ್ತಾನೆ, ಗುರುವ ಮತ ಬದಲಿಸಿ ಅಲ್ಲೇ ಉಳಿಯುತ್ತಾನೆ, ಬೆಳ್ಳಿಯ ಬಾಳು ತೋಟದ ರೈಟರನ ಕೈಗೆ ಸಿಕ್ಕಿ ಕೆಡುತ್ತದೆ. ಹೊಸ ನೆಲವನ್ನು ಹಸನು ಮಾಡಿದ್ದು ಯಾರ ಬೆವರು ಎಂಬ ಪ್ರಶ್ನೆಗೆ ಉತ್ತರ ಈ ಪುಸ್ತಕದಲ್ಲಿದೆ, ‘ಬೆಟ್ಟದ ಜೀವ’ದಲ್ಲಿ ಅಷ್ಟಾಗಿ ಇಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಈ ಸೀಮೆಯ ಲೆಕ್ಕ ಸರಿಹೋಗುತ್ತದೆ.

ಮೂರನೆಯದು ‘ಕುಡಿಯರ ಕೂಸು’. ಇದು ಮಲೆಕುಡಿಯರ ಕಥೆ. ಘಟ್ಟದ ತಪ್ಪಲಿನ ಕಾಡುಗಳಲ್ಲಿ ಎಲ್ಲರಿಗಿಂತ ಮೊದಲು ಇದ್ದವರು ಇವರೇ ಎಂಬುದು ತುಳುನಾಡಿನ ಜನರ ಎಣಿಕೆ. ಕಾಡಿನ ಒಂದು ತುಂಡು ಕಡಿದು, ಸುಟ್ಟು, ಬೂದಿಯಲ್ಲಿ ಧಾನ್ಯ ಬಿತ್ತಿ, ಬೆಳೆ ತೆಗೆದ ಮೇಲೆ ಅದನ್ನು ಕಾಡಿಗೇ ಮರಳಿಸಿ ಬೇರೆಡೆಗೆ ಹೋಗುವ ಬೇಸಾಯ ಅವರದು. ಕುಮರಿ ಎಂದು ಅದರ ಹೆಸರು. 1860ರ ಸುಮಾರಿಗೆ ಮದರಾಸು ಸರ್ಕಾರ ಕೆನರಾ ಜಿಲ್ಲೆಯಲ್ಲಿ ಈ ಕುಮರಿಗೆ ಕಡಿವಾಣ ಹಾಕಿತು. 1882ರ ಮದರಾಸು ಅರಣ್ಯ ಕಾಯಿದೆ ಬಂದ ಮೇಲೆ ಕಾಡುಗಳಿಗೆ ಗಡಿಕಲ್ಲು ಬಿದ್ದವು. ಕಾಡು ಕಡಿದು ಬಿಟ್ಟುಹೋಗುವವನು ಕಾಡುಗಳ್ಳನಾದ. ಕಾಡು ಕಡಿದು ಅಲ್ಲೇ ಉಳಿದು, ದರಖಾಸ್ತು ಹಾಕಿ, ತೀರ್ವೆ ಕಟ್ಟುವವನು ಪಟ್ಟೆದಾರನಾದ. ಬೇಸಾಯದ ಎರಡು ರೀತಿಗಳಲ್ಲಿ ಒಂದಕ್ಕೆ ಮಾತ್ರ ಕಾನೂನಿನ ಆಶೀರ್ವಾದ. ವರ್ಗ ಜಮೀನು ಇದ್ದವರಿಗೆ ಅದರ ಮಗ್ಗುಲಿನ ಕುಮ್ಕಿಯ ಸೊಪ್ಪು, ಸೌದೆಗಳ ಹಕ್ಕೂ ಸಿಕ್ಕಿತು. ವರ್ಗವೇ ಇಲ್ಲದವನಿಗೆ ಕುಮ್ಕಿ ಎಲ್ಲಿಂದ ಬರಬೇಕು?

ನೆಲೆಗಾರ, ಜೀತದ ಆಳು, ಕಾಡಿನವ. ಮೂರು ಅಂಗಳಗಳಿಗೂ ಹೋಗಿ ಕುಳಿತು ಬಂದ ಇಂಥ ಒಬ್ಬ ಲೇಖಕ, ಬಿಳಿಯರು ನೆಲೆಸಿದ ದೇಶಗಳ ಸಾಹಿತ್ಯದಲ್ಲಿ ಹುಡುಕಿದರೂ ಸುಲಭಕ್ಕೆ ಸಿಗಲಾರ. ಹಾಗೆಂದು ಕಾರಂತರು ಹೊಲೆಯರೂ ಅಲ್ಲ, ಕುಡಿಯರೂ ಅಲ್ಲ. ಹೊರಗಿನಿಂದ ನೋಡಿ ಬರೆದವರು. ಈ ಮಿತಿಯನ್ನು ಮುಂದಿನ ತಲೆಮಾರಿನ ಓದುಗರು ಎತ್ತಿ ಆಡಿದ್ದಾರೆ, ಆಡಬೇಕಾದದ್ದೇ.

ಕಾರಂತರೂ ಪುತ್ತೂರಿಗೆ ವಲಸೆ ಬಂದವರೇ. ಹುಟ್ಟಿದ್ದು ಕೋಟದಲ್ಲಿ, 1902ರಲ್ಲಿ. ಪುತ್ತೂರಿನ ಪರ್ಲಡ್ಕದ ಗುಡ್ಡೆಯಲ್ಲಿ ಬಾಲವನ ಕಟ್ಟಿ, ಮಕ್ಕಳ ಶಾಲೆ, ನಾಟಕ, ನೃತ್ಯ, ಅಚ್ಚುಕೂಟ ಎಂದು ದಶಕಗಳ ಕಾಲ ಹೆಣಗಿದವರು. ಸಹಕಾರ ಚಳವಳಿಯ ಮೊಳಹಳ್ಳಿ ಶಿವರಾಯರಂಥವರು ಆಗ ಊರಿನಲ್ಲಿದ್ದರು. ಬೋಳು ಗುಡ್ಡೆಯಲ್ಲಿ ಏನಾದರೂ ಎಬ್ಬಿಸಬೇಕೆಂಬ ಗೋಪಾಲಯ್ಯನವರ ಹಟ ಲೇಖಕರಿಗೆ ಹೊರಗಿನಿಂದ ತರಬೇಕಾದ ವಸ್ತುವಾಗಿರಲಿಲ್ಲ. ಕಾಡು ಕಡಿಯುವವನನ್ನು ಅಷ್ಟು ಪ್ರೀತಿಯಿಂದ ಬರೆದ ಕೈಯೇ ಮುಪ್ಪಿನಲ್ಲಿ ಕಾಡು ಉಳಿಸಿ ಎಂದು ಪತ್ರಿಕೆಗಳಿಗೆ ಬರೆಯಿತು. 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೇ ಸ್ಪರ್ಧಿಸಿದರು. ಇದನ್ನು ವಿರೋಧಾಭಾಸ ಎನ್ನುವವರುಂಟು. ಒಬ್ಬ ರೈತ ಕೊಡಲಿ ಹಿಡಿದು ಕಡಿಯುವ ಕಾಡಿಗೂ ಒಂದು ಯೋಜನೆ ನುಂಗುವ ಕಾಡಿಗೂ ಅಂತರವಿಲ್ಲವೇ ಎಂದು ಕೇಳಬಹುದು.

ಪಿ. ಶೇಷಾದ್ರಿ ಅವರು ‘ಬೆಟ್ಟದ ಜೀವ’ವನ್ನು ಸಿನಿಮಾ ಮಾಡಿದಾಗ, ದತ್ತಣ್ಣ ಗೋಪಾಲಯ್ಯನಾದರು. 2010ರ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಆ ಚಿತ್ರಕ್ಕೆ ಸಿಕ್ಕಿದ್ದು ಪರಿಸರ ಸಂರಕ್ಷಣೆಯ ಕುರಿತ ಅತ್ಯುತ್ತಮ ಚಿತ್ರವೆಂಬ ಮನ್ನಣೆ. ಕಾಡು ಕಡಿದವನ ಕಥೆಗೆ ಪರಿಸರದ ಪ್ರಶಸ್ತಿ! ಕೇಳಿದ್ದರೆ ಕೆಳಬೈಲಿನ ಮುದುಕರು ಗಟ್ಟಿಯಾಗಿ ನಕ್ಕುಬಿಡುತ್ತಿದ್ದರು.

ಉಳಿದ ಮನೆಗಳು

ಈ ಸೀಮೆಗೆ ಬಂದು ಸೇರಿದವರ ಪಟ್ಟಿ ಉದ್ದ. ಸುಳ್ಯ ಕಡೆಯ ಅರೆಭಾಷೆ ಗೌಡರು ತಾವು ಘಟ್ಟದ ಮೇಲಿನ ಐಗೂರು ಸೀಮೆಯಿಂದ ಇಳಿದು ಬಂದವರೆಂದು ಹೇಳಿಕೊಳ್ಳುತ್ತಾರೆ. ಪಂಜದ ಬಳಿ ಹುಟ್ಟಿ ಬೆಳೆದ ಪುರುಷೋತ್ತಮ ಬಿಳಿಮಲೆ ಈ ಸಮುದಾಯದ ಸಂಸ್ಕೃತಿಯ ಬಗ್ಗೆ ಸಂಶೋಧನೆ ಮಾಡಿದರು. ಮುಂದೆ ‘ಕಾಗೆ ಮುಟ್ಟಿದ ನೀರು’ ಎಂಬ ಆತ್ಮಕಥನದಲ್ಲಿ ಬಂಟಮಲೆ ಕಾಡಿನ ಅಂಚಿನ ಬಡ ಬಾಲ್ಯವನ್ನು ಬರೆದರು. ಗೋಪಾಲಯ್ಯನವರ ಚಾವಡಿಯಿಂದ ಕಾಣುವ ಕಾಡಿಗೂ ಹಸಿದ ಹುಡುಗನೊಬ್ಬನ ಗುಡಿಸಲಿನಿಂದ ಕಾಣುವ ಕಾಡಿಗೂ ಎಷ್ಟು ಅಂತರ ಎಂಬುದು ತಿಳಿಯಬೇಕಾದರೆ ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು.

ಸುಬ್ರಹ್ಮಣ್ಯದ ಮಗ್ಗುಲಿನ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯರು ನಿರಂಜನ ಎಂದು ಹೆಸರಾದರು. 1837ರಲ್ಲಿ ಸುಳ್ಯದ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು ಮಂಗಳೂರಿನವರೆಗೆ ನಡೆದ ಬಂಡಾಯ ಅವರ ‘ಕಲ್ಯಾಣಸ್ವಾಮಿ’ ಕಾದಂಬರಿಯ ವಸ್ತು. ಕೊಡಗಿನ ಅರಸರ ಕಾಲದಲ್ಲಿ ಧಾನ್ಯದಲ್ಲಿ ಕಂದಾಯ ಕೊಡುತ್ತಿದ್ದ ರೈತರಿಗೆ ಹಣದಲ್ಲೇ ಕಟ್ಟಬೇಕೆಂದು ವಿಧಿಸಿದ್ದು ಆ ಸಿಟ್ಟಿನ ಕಾರಣಗಳಲ್ಲೊಂದು. ಪುತ್ತೂರಿನ ಬೊಳುವಾರಿನಿಂದ ಬಂದ ಬೊಳುವಾರು ಮಹಮದ್ ಕುಂಞಿ ‘ಮುತ್ತುಪ್ಪಾಡಿ’ ಎಂಬ ಊರನ್ನೇ ಕಟ್ಟಿಕೊಂಡು ಕರಾವಳಿಯ ಮುಸ್ಲಿಮರ ಬದುಕನ್ನು ಕನ್ನಡಕ್ಕೆ ತಂದರು. ಅವರ ‘ಸ್ವಾತಂತ್ರ್ಯದ ಓಟ’ ದೇಶ ವಿಭಜನೆಯ ನೋವನ್ನು ಆ ಮುತ್ತುಪ್ಪಾಡಿಯ ಅಂಗಳಕ್ಕೆ ತಂದು ನಿಲ್ಲಿಸಿದ ಕಾದಂಬರಿ. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು.

ಇನ್ನು ತಿರುವಾಂಕೂರಿನಿಂದ ಬಂದ ಕ್ರೈಸ್ತ ಕೃಷಿಕರು. ನೆಲ ಸಾಲದೆ ಮಲಬಾರಿಗೆ ಹತ್ತಿದ ಈ ಜನ, ಅಲ್ಲಿಂದ ಇನ್ನೂ ಬಡಗಣಕ್ಕೆ ಬಂದು ಕಡಬ, ನೆಲ್ಯಾಡಿ, ಶಿರಾಡಿ ಕಡೆಯ ಗುಡ್ಡಗಳಲ್ಲಿ ನೆಲೆಸಿದರು. ಮರಗೆಣಸು, ಕರಿಮೆಣಸು, ರಬ್ಬರು. ಮಲೇರಿಯದ ಕಾಲದಲ್ಲಿ ಕಾಡು ಬಿಡಿಸಿದವರ ಕಷ್ಟ ಸಣ್ಣದಲ್ಲ. ಎಸ್.ಕೆ. ಪೊಟ್ಟೆಕ್ಕಾಟ್ 1948ರಲ್ಲಿ ಬರೆದ ‘ವಿಷಕನ್ಯಕ’ ಮಲಬಾರಿಗೆ ಬಂದ ಇಂಥವರ ದುರಂತವನ್ನು ಹೇಳುವ ಮಲಯಾಳ ಕಾದಂಬರಿ. ಮಣ್ಣು ಅಲ್ಲಿ ಮೋಹಿನಿಯ ಹಾಗೆ ಕರೆಯುತ್ತದೆ, ಬಂದವರನ್ನು ವಿಷದ ಹಾಗೆ ಕೊಲ್ಲುತ್ತದೆ. ಕಡಬದ ಕಡೆಯ ಕುಟುಂಬಗಳು ಅಂಥ ಕಾಲವನ್ನು ದಾಟಿ ನಿಂತವು. ಇಗರ್ಜಿಗಳು, ಶಾಲೆಗಳು ಎದ್ದವು. 1999ರಲ್ಲಿ ಬೆಳ್ತಂಗಡಿ, 2010ರಲ್ಲಿ ಪುತ್ತೂರು, ಹೀಗೆ ಅವರ ಧರ್ಮಪ್ರಾಂತಗಳೇ ಬಂದವು. ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅವರ ಕಥೆಯನ್ನು ಬರೆಯಲು ಒಂದು ದೊಡ್ಡ ಸಾಹಿತ್ಯ ಬೆನ್ನಿಗಿದೆ.

ಕಾಲನಿ ಎಂಬ ಮಾತು

ಇತಿಹಾಸ ಪುಸ್ತಕದಲ್ಲಿ ‘ಕಾಲನಿ’ ಎಂದರೆ ವಸಾಹತು, ಸಾಮ್ರಾಜ್ಯದ ಹೆಮ್ಮೆ. ದಕ್ಷಿಣ ಕನ್ನಡದ ಹಳ್ಳಿಯಲ್ಲಿ ಅದೇ ಮಾತಿನ ಅರ್ಥ ಬೇರೆ. ಊರಿನ ಅಂಚಿನಲ್ಲಿ ಸರ್ಕಾರ ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳು, ಅಲ್ಲಿರುವವರು ಯಾರೆಂದು ಹೆಸರು ಕೇಳದೆಯೇ ಗೊತ್ತು. ಸುಳ್ಯ, ಪುತ್ತೂರು ಕಡೆ ‘ಸಿ.ಆರ್.ಸಿ. ಕಾಲನಿ’ ಎಂಬ ಬೋರ್ಡು ಕಂಡರೆ, ಅದು ಸಿಲೋನಿನಿಂದ ಬಂದವರದ್ದು.

ಇವರ ಕಥೆ ತೊಡಗುವುದು ಸುಳ್ಯದಿಂದ ಬಹಳ ದೂರ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಕಾಡು ಸವರಿ ಕಾಫಿ ಹಾಕಿದರು. 1869ರಲ್ಲಿ ಎಲೆಗೆ ತುಕ್ಕುರೋಗ ಬಂದು ಕಾಫಿ ಹಾಳಾದ ಮೇಲೆ ಚಹಾ ಹಬ್ಬಿತು. ದುಡಿಯಲು ತಮಿಳುನಾಡಿನ ಬರದ ಜಿಲ್ಲೆಗಳಿಂದ ಕಂಗಾಣಿಗಳು ಜನ ಹಿಡಿದು ತಂದರು. ಮುಂಗಡ ಕೊಟ್ಟು ತರುವುದು, ಆ ಸಾಲ ತಲೆಮಾರಿನವರೆಗೆ ತೀರದಂತೆ ನೋಡಿಕೊಳ್ಳುವುದು. ಚೋಮನ ಮಕ್ಕಳನ್ನು ಕಾಫಿ ತೋಟಕ್ಕೆ ಹತ್ತಿಸಿದ್ದೂ ಇಂಥದೇ ಸಾಲ.

ಆ ಸಾಲುಮನೆಗಳಲ್ಲಿ ಒಂದು ಸಾಹಿತ್ಯ ಹುಟ್ಟಿತು. ಮೊದಲು ಬಾಯಿಯಲ್ಲಿ. ಜೋಗುಳ, ಕುಮ್ಮಿ, ಸತ್ತವರ ಮುಂದೆ ಹಾಡುವ ಒಪ್ಪಾರಿ, ಕಂಗಾಣಿಯನ್ನು ಮೂದಲಿಸುವ ಹಾಡುಗಳು, ಇಡೀ ತೋಟ ಸೇರಿ ಆಡುವ ಕಾಮನ್ ಕೂತ್ತು. ಬಳಿಕ ಅಚ್ಚಿನಲ್ಲಿ. ಕೆ. ನಟೇಶ ಅಯ್ಯರ್ ಪತ್ರಿಕೆ ನಡೆಸಿ ಕೂಲಿಗಳ ಸಂಘ ಕಟ್ಟಿದರು. ಅವರ ಹೆಂಡತಿ ಮೀನಾಕ್ಷಿ ಅಮ್ಮಾಳ್ ತೋಟಗಳಲ್ಲಿ ಹಾಡು ಹೇಳಿಯೇ ಜನರನ್ನು ಎಚ್ಚರಿಸಿದರು. ತೋಟದ ಮನೆಯಲ್ಲೇ 1914ರಲ್ಲಿ ಹುಟ್ಟಿದ ಸಿ.ವಿ. ವೇಲುಪಿಳ್ಳೈ ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬರೆದರು, ಕೂಲಿಗಳ ಹಾಡುಗಳನ್ನು ಸಂಗ್ರಹಿಸಿದರು. ಕೋಕಿಲಂ ಸುಬ್ಬಯ್ಯ ‘ದೂರತ್ತು ಪಚ್ಚೈ’ ಎಂಬ ಕಾದಂಬರಿ ಬರೆದರು. ಹೆಸರಿನ ಅರ್ಥ ದೂರದ ಹಸುರು ಎಂದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮಲ್ಲಿ ಹೇಳುವ ಮಾತೇ ಅದು. ಈ ಇಡೀ ಬರವಣಿಗೆಗೆ ತಮಿಳಿನಲ್ಲಿ ‘ಮಲೈಯಗ’ ಸಾಹಿತ್ಯ ಎನ್ನುತ್ತಾರೆ. ಮಲೈಯಗ ಎಂದರೆ ಬೆಟ್ಟದ ನಾಡು. ಅವರೂ ಬೆಟ್ಟದ ಜೀವಗಳೇ.

ವೇಲುಪಿಳ್ಳೈ ಅವರದು ವಿಚಿತ್ರ ಪಾಡು. 1947ರಲ್ಲಿ ತಲವಾಕೆಲೆಯ ಜನ ಅವರನ್ನು ಸಿಲೋನಿನ ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ಮರುವರ್ಷ ದೇಶ ಸ್ವತಂತ್ರವಾಯಿತು. ಆದ ಕೂಡಲೇ ಬಂದ 1948ರ ಪೌರತ್ವ ಕಾನೂನು ತೋಟದ ತಮಿಳರಲ್ಲಿ ಬಹುಪಾಲು ಜನರನ್ನು ಪೌರರೇ ಅಲ್ಲವೆಂದಿತು. 1949ರಲ್ಲಿ ಮತದ ಹಕ್ಕೂ ಹೋಯಿತು. ಮತ ಹಾಕಿದವರೇ ಇಲ್ಲವಾದ ಪ್ರತಿನಿಧಿ! ನಾಲ್ಕೈದು ತಲೆಮಾರು ದುಡಿದ ನೆಲದಲ್ಲಿ ಅವರು ಯಾವ ದೇಶದವರೂ ಅಲ್ಲದ ಜನರಾದರು.

ಕ್ಯಾಥ್ ವಾಕರ್ ಮತ್ತು ಗೂಗಿಯವರ ಪುಸ್ತಕಗಳು ಬಂದ 1964ರಲ್ಲೇ, ಅಕ್ಟೋಬರ್ 30ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನರ ಲೆಕ್ಕ. ಅದರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರನ್ನು 1974ರಲ್ಲಿ ಸರಿ ಅರ್ಧ ಮಾಡಿ ಹಂಚಿಕೊಂಡರು. ಅಡಿಕೆ ಹಂಚುವಾಗ ಸಹ ಇಷ್ಟು ನಿಶ್ಚಿಂತೆಯಿಂದ ಹಂಚುವುದಿಲ್ಲ. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಮಂಡಪಂ ಶಿಬಿರ, ಅಲ್ಲಿಂದ ಎಲ್ಲಿ ಕೆಲಸವೋ ಅಲ್ಲಿಗೆ. ಭಾರತಕ್ಕೆ ‘ಮರಳಿದರು’ ಎಂದು ಕಡತಗಳು ಹೇಳುತ್ತವೆ. ಹೆಚ್ಚಿನವರು ಭಾರತವನ್ನು ಕಂಡೇ ಇರಲಿಲ್ಲ.

ಕರ್ನಾಟಕದ ಅರಣ್ಯ ಇಲಾಖೆ 1960ರ ದಶಕದಲ್ಲಿ ಸುಳ್ಯ, ಪುತ್ತೂರು ಭಾಗದಲ್ಲಿ ರಬ್ಬರು ನೆಡತೊಡಗಿತ್ತು. 1971ರಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಹುಟ್ಟಿ, ಈ ತೋಟಗಳು ಅದರ ಕೈಗೆ ಬಂದವು. ಇವು ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿದ ತೋಟಗಳು. ಚಹಾ ಕೊಯ್ದು ಗೊತ್ತಿದ್ದ ಕೈಗಳಿಗೆ ರಬ್ಬರು ಚಾಕು ಬಂತು. ಹೀಗೆ, ಚೋಮನ ಮಕ್ಕಳು ಸಾಲಕ್ಕೆ ದುಡಿದ, ಕುಡಿಯರ ಕುಮರಿ ನಿಂತುಹೋದ, ಗೋಪಾಲಯ್ಯನವರು ತೋಟ ಎಬ್ಬಿಸಿದ ಸೀಮೆಗೆ ಕೊನೆಯವರಾಗಿ ಬಂದವರು ಇವರು. ತಾವಾಗಿ ಬಂದವರಲ್ಲ, ಎರಡು ಸರ್ಕಾರಗಳು ತಂದುಬಿಟ್ಟವರು. ಅವರಿಗೆ ದರಖಾಸ್ತಿಲ್ಲ, ಪಟ್ಟೆಯಿಲ್ಲ. ಕೆಲಸದೊಂದಿಗೆ ಬಂದ ನಿಗಮದ ಮನೆ.

ರಬ್ಬರಿನ ಕೆಲಸ ಬೆಳಕು ಹರಿಯುವ ಮೊದಲೇ ಶುರು. ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ, ಬಿಸಿಲೇರಿದರೆ ಹೆಪ್ಪುಗಟ್ಟುತ್ತದೆ. ತಲೆಗೆ ದೀಪ ಕಟ್ಟಿಕೊಂಡು, ತೊಗಟೆಯನ್ನು ಓರೆಯಾಗಿ, ಕಾಗದದಷ್ಟು ತೆಳ್ಳಗೆ ಕೆತ್ತಬೇಕು. ಸ್ವಲ್ಪ ಆಳವಾದರೆ ಮರಕ್ಕೆ ಗಾಯ, ಮೇಲೆಯೇ ಉಳಿದರೆ ಹಾಲಿಲ್ಲ. ನೆಟ್ಟು ಏಳು ವರ್ಷಕ್ಕೆ ಕೆತ್ತಲು ಬರುವ ಮರ, ಇಪ್ಪತ್ತು ಇಪ್ಪತ್ತೈದು ವರ್ಷ ಹಾಲು ಕೊಟ್ಟು ಮುದಿಯಾಗುತ್ತದೆ. ಕಡಿದು ಹೊಸದು ನೆಡುತ್ತಾರೆ. ಬಂದವರ ಮೊದಲ ತಲೆಮಾರು ಕೆತ್ತಿದ ಮರಗಳು ಹೋದವು, ಆ ತಲೆಮಾರೂ ಹೋಗುತ್ತಾ ಬಂತು.

ಈಚೆಗೆ ಇನ್ನೊಂದು ವಿಚಿತ್ರವಾಗಿದೆ. ಸಂಪಾಜೆ, ಅರಂತೋಡು, ಮರ್ಕಂಜ ಕಡೆ ಅಡಿಕೆಗೆ ಹಳದಿ ಎಲೆ ರೋಗ ಹತ್ತಿ, ಅಜ್ಜಂದಿರು ಎಬ್ಬಿಸಿದ ತೋಟಗಳು ಕಣ್ಣೆದುರೇ ಸಾಯುತ್ತಿವೆ. ಅಡಿಕೆ ಹೋದಲ್ಲಿ ಹಲವರು ರಬ್ಬರು ನೆಟ್ಟರು. ಗೋಪಾಲಯ್ಯನವರ ಮೊಮ್ಮಕ್ಕಳೆನ್ನಬಹುದಾದವರ ಗುಡ್ಡೆಯಲ್ಲೂ ರಬ್ಬರಿನ ತೊಗಟೆ ಕೆತ್ತಲು ಬಲ್ಲ ಕೈ ಬೇಕಾಯಿತು.

ಯಾವ ಭಾಷೆಯಲ್ಲಿ?

ಕಾಲನಿಯ ಹುಡುಗರು ಮನೆಯಲ್ಲಿ ತಮಿಳು ಮಾತಾಡುತ್ತಾರೆ, ಕನ್ನಡ ಶಾಲೆಯಲ್ಲಿ ಕಲಿಯುತ್ತಾರೆ, ಆಟದ ಬಯಲಿನಲ್ಲಿ ತುಳುವಿಗೆ ಹೊರಳುತ್ತಾರೆ. ತಮಿಳಿನಲ್ಲಿ ಮಾತು ಬರುತ್ತದೆ, ಓದಲು ಬಾರದವರೇ ಹೆಚ್ಚು. ಹಾಗಾಗಿ ವೇಲುಪಿಳ್ಳೈ, ಕೋಕಿಲಂ ಸುಬ್ಬಯ್ಯ ಅವರ ಪುಸ್ತಕಗಳಲ್ಲಿ ಅವರ ಅಜ್ಜಂದಿರ ಕಥೆ ಇದ್ದರೂ ಆ ಲಿಪಿ ಅವರಿಗೆ ಮುಚ್ಚಿದ ಬಾಗಿಲು. ತೆರೆದಿರುವ ಬಾಗಿಲು ಕನ್ನಡದ್ದು. ಅಲ್ಲಿ ಕಾರಂತರ ಅಡಿಕೆ ತೋಟವಿದೆ, ಚೋಮನ ದುಡಿಯಿದೆ, ಕುಡಿಯರ ಕಾಡಿದೆ. ಮುಂಜಾವದ ಕತ್ತಲೆಯಲ್ಲಿ ಹಣೆಯ ದೀಪ ಹಿಡಿದು ಗುಡ್ಡ ಹತ್ತುವ ಹೆಂಗಸಿಗೆ, ಆ ಮೂರರ ಜೊತೆ ನಿಲ್ಲುವ ಎತ್ತರದ ಕನ್ನಡ ಕಾದಂಬರಿಯೊಂದು ಇನ್ನೂ ಬರಬೇಕಾಗಿದೆ.

ಅದು ಬಂದರೆ ಕಾಲನಿಯೊಳಗಿಂದಲೇ ಬರುವುದು ಮೇಲು. ಕಾರಂತರ ಹಾಗೆ ಹೊರಗಿನಿಂದ ನೋಡಿ ಬರೆಯುವ ಕಾಲ ಕಳೆಯಿತೆಂದಲ್ಲ. ಆದರೆ ಮೂಲನಿವಾಸಿ ಹೆಂಗಸೊಬ್ಬಳು ಬರೆದ ಮೇಲೆಯೇ ಲಾಸನ್ನನ ಸೌದೆ ರಾಶಿಯ ಟೊಳ್ಳು ಎಲ್ಲರಿಗೂ ಕಂಡಿತು. ಬಿಳಿಮಲೆಯಂಥವರು ಬರೆದ ಮೇಲೆಯೇ ಸುಳ್ಯದ ಕಾಡಿನ ಅಂಚಿನ ಹಸಿವಿಗೆ ಮಾತು ಬಂತು.

ಕಾಲನಿಯವರಿಗೆ ಸದ್ಯ ತುರ್ತಾಗಿ ಬೇಕಾಗಿರುವುದು ಬೇರೆ ಬಗೆಯ ಬರಹ. ಪರಿಶಿಷ್ಟ ಜಾತಿಯ ಪ್ರಮಾಣಪತ್ರಕ್ಕಾಗಿ ಈ ಕುಟುಂಬಗಳು ಬಹುಕಾಲ ಕಚೇರಿಯಿಂದ ಕಚೇರಿಗೆ ಅಲೆದಿವೆ. ಪಟ್ಟಿಗಳು ರಾಜ್ಯಕ್ಕೊಂದು. ಮೂಲ ಊರು ಯಾವುದು ಎಂದು ಕೇಳಿದರೆ ಏನು ಹೇಳುವುದು? ಮುತ್ತಜ್ಜ ತಮಿಳುನಾಡಿನ ಯಾವ ಹಳ್ಳಿಯಿಂದ ಕಂಗಾಣಿಯ ಹಿಂದೆ ಹೊರಟನೋ ಮರೆತೇ ಹೋಗಿರುತ್ತದೆ. ಅಜ್ಜಿಯ ಹಾಡುಗಳಲ್ಲಿ ನೆನಪಿರುವುದು ಹ್ಯಾಟನ್, ನುವರ ಎಲಿಯ, ತಲವಾಕೆಲೆ. ಆ ಹೆಸರುಗಳನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ. ಹಾಗಾಗಿ ಹೆಚ್ಚಿನ ಮನೆಗಳಲ್ಲಿ, ತಗಡಿನ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕ್ಯಾಂಡಿಯ ಭಾರತೀಯ ಕಚೇರಿ ಕೊಟ್ಟ ಪಾಸ್‌ಪೋರ್ಟು ಮತ್ತು ಕುಟುಂಬ ಕಾರ್ಡನ್ನು ಜೋಪಾನವಾಗಿಟ್ಟಿರುತ್ತಾರೆ. ಬಣ್ಣ ಮಾಸಿದ ಫೋಟೋ, ಹೆಬ್ಬೆಟ್ಟಿನ ಗುರುತು, ಅಜ್ಜನ ಹೆಸರು. ಮಳೆಗಾಲ ಮುಗಿದ ಮೇಲೆ ಅವನ್ನು ಹೊರತೆಗೆದು ಒಂದಿಷ್ಟು ಹೊತ್ತು ಬಿಸಿಲಿಗೆ ಒಣಗಿಸಿ, ಮತ್ತೆ ಒಳಗಿಡುತ್ತಾರೆ.